ಮಂಜೊಟ್ಟಿ ಇಲ್ಲದ ರಸ್ತೆ

ಈ ಸಲ ಬರೆಯಬೇಕು ಅಂದುಕೊಂಡದ್ದು ಬೇರೆ. ಚೌತಿಗೆ ಕಡುಬಿನ ಎಲೆ ಲಿಮೆರಿಕ್‌ನಲ್ಲಿ ಎಲ್ಲಿ ಸಿಗ್ತದೆ ಅಂತ ಮೂರು ಜನ ಕೇಳಿದ್ದರು, ಅದನ್ನೇ ಬರೆಯುವಾ ಅಂತ ಕೂತಿದ್ದೆ. ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಫೋನ್ ಬಂತು. ನಮ್ಮ ಮನೆಯ ಹುಡುಗನದ್ದು. ಹಿರಿಯೂರಿನವನು, ಇಪ್ಪತ್ತಾರು ವರ್ಷ, ಹೋಮ್ ಕೇರ್ ಕೆಲಸ. "ಅಣ್ಣಾ, ಕಾರು ಗೋಡೆಗೆ ಹೋಯ್ತು. ನಾನು ಸರಿ ಇದೀನಿ. ಅಮ್ಮಂಗೆ ಹೇಳ್ಬೇಡಿ." ಅಷ್ಟೇ ಹೇಳಿ ಅಳಲಿಕ್ಕೆ ಶುರು ಮಾಡಿದ.

ಸರಿ ಇರಲಿಲ್ಲ. ಕಾಲರ್ ಮೂಳೆ ಮುರಿದಿತ್ತು. ಆದರೆ ಜೀವ ಉಳಿದಿತ್ತು. ಕಡುಬಿನ ಎಲೆ ಮುಂದಿನ ತಿಂಗಳಿಗೆ ಇರಲಿ.

ಅದಕ್ಕೆ ಹದಿನೈದು ದಿನ ಮೊದಲು ಅವನೇ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ವಿಡಿಯೊ ತೋರಿಸಿದ್ದ. ರಾತ್ರಿ, ಡಾಕ್ ರೋಡ್, ಮುಂದೆ ಯಾರೂ ಇಲ್ಲ, ಸ್ಪೀಡೊಮೀಟರ್ ಮುಳ್ಳು ಏರ್ತಾ ಹೋಗುವುದು. ಹಿಂದಿನಿಂದ ಯಾರೋ "ಹೊಡಿ ಮಗಾ" ಅಂತ ಕೂಗುವುದು. "ಹೆಂಗಿದೆ ಅಣ್ಣಾ?" ಅಂತ ಕೇಳಿದ. ನಾನು ಅನ್ನಕ್ಕೆ ನೀರಿಡ್ತಾ "ಚಂದ ಉಂಟು, ಸಾಯ್ತೀ" ಅಂದೆ. ನಕ್ಕ. ನಾನೂ ನಕ್ಕೆ. ಆ ನಗು ಈಗ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಆಗಸ್ಟ್ ಮೊದಲ ಸೋಮವಾರ ಇಲ್ಲಿ ರಜೆ ಅಂತ ನಿಮಗೆಲ್ಲ ಗೊತ್ತು. ನಾವು ಕಿಲ್ಕಿಗೋ ಮೊಹರ್ ಬಂಡೆಗೋ ಹೋಗಿ ಪುಳಿಯೋಗರೆ ತಿಂದು ಬರ್ತೇವೆ. ಆದರೆ 1930ರ ದಶಕದಲ್ಲಿ ಲಿಮೆರಿಕ್ ಜನ ಆ ರಜೆಯಲ್ಲಿ ಎಲ್ಲಿಗೂ ಹೋಗುತ್ತಿರಲಿಲ್ಲ, ರೇಸೇ ಊರೊಳಗೆ ಬರುತ್ತಿತ್ತು. ಲಿಮೆರಿಕ್ ಗ್ರ್ಯಾನ್ ಪ್ರೀ. ಬೇರೆ ಟ್ರ್ಯಾಕ್ ಅಂತ ಏನೂ ಇಲ್ಲ, ನಾವು ದಿನಾ ಬಸ್ಸಿಗೆ ಕಾಯುವ ಇದೇ ನಗರದ ಬೀದಿಗಳೇ ಟ್ರ್ಯಾಕ್. ಮನೆ, ಅಂಗಡಿ, ಕಲ್ಲಿನ ಗೋಡೆ, ದೀಪದ ಕಂಬ, ಅದರ ನಡುವೆ ಬುಗಾಟಿ ಕಾರುಗಳು. 1936ರ ಆಗಸ್ಟಿನಲ್ಲಿ ಆ ರೇಸಿನಲ್ಲೇ ಇಂಗ್ಲೆಂಡಿನ ಒಂಬತ್ತನೇ ಡ್ಯೂಕ್ ಆಫ್ ಗ್ರಾಫ್ಟನ್, ಜಾನ್ ಫಿಟ್ಜ್‌ರಾಯ್, ತನ್ನ ಬುಗಾಟಿ ಅಪಘಾತಕ್ಕೀಡಾಗಿ ಸತ್ತ. ಆಗ ಅವನಿಗೆ 22 ವರ್ಷ. ಮದುವೆ ಆಗಿರಲಿಲ್ಲ, ಪದವಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಕಡೆಗೆ ಹೋಯಿತು. ಅರಮನೆ ಇದ್ದವನಿಗೂ, ಕಂತಿನಲ್ಲಿ ಹಳೇ ಕಾರು ತಗೊಂಡ ನಮ್ಮ ಹುಡುಗನಿಗೂ ಗೋಡೆ ಒಂದೇ ಥರದ್ದು.

ಐರ್ಲೆಂಡಿಗೂ ರೇಸಿಗೂ ನಂಟು ಇನ್ನೂ ಹಳೆಯದು. 1903ರಲ್ಲಿ ಗಾರ್ಡನ್ ಬೆನೆಟ್ ಕಪ್ ನಡೆಸುವ ಸರದಿ ಬ್ರಿಟನ್ನಿಗೆ ಬಂದಿತ್ತು. ಇಂಗ್ಲೆಂಡಿನ ರಸ್ತೆಯಲ್ಲಿ ರೇಸ್ ಬಿಡುವ ಕಾನೂನು ಇರಲಿಲ್ಲ. ಆಗ ಬ್ರಿಟಿಷರು ಮಾಡಿದ್ದೇನು? ರೇಸನ್ನು ಐರ್ಲೆಂಡಿಗೆ ಸಾಗಿಸಿ, ಇಲ್ಲಿಗೆ ಮಾತ್ರ ಅನ್ವಯಿಸುವ ಹೊಸ ಕಾಯ್ದೆ ತಂದರು. ಜುಲೈ 2ರಂದು ಅಥೈ ಸುತ್ತಮುತ್ತಲ ರಸ್ತೆಗಳಲ್ಲಿ ಓಟ ನಡೆಯಿತು. ಗೆದ್ದವನು ಬೆಲ್ಜಿಯಂನ ಕಮೀಲ್ ಜೆನಾಟ್ಸಿ, ಮರ್ಸಿಡಿಸ್ ಕಾರಿನಲ್ಲಿ. ಕೆಂಪು ಗಡ್ಡ ಇದ್ದದ್ದರಿಂದ ಅವನಿಗೆ ಕೆಂಪು ದೆವ್ವ ಅಂತಲೇ ಹೆಸರು. 1899ರಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗವನ್ನು ರಸ್ತೆಯ ಮೇಲೆ ಮೊದಲು ದಾಟಿದವನೂ ಅವನೇ. ಅದೂ ಬ್ಯಾಟರಿ ಕಾರಿನಲ್ಲಿ! ಈಗ ಎಲೆಕ್ಟ್ರಿಕ್ ಅಂದರೆ ಏನೋ ಹೊಸತು ಅಂತ ಕುಣಿಯುವ ನಮ್ಮ ಐಟಿ ಮಿತ್ರರು ಗಮನಿಸಬೇಕು. ಇಷ್ಟೆಲ್ಲ ವೇಗದಲ್ಲಿ ಬದುಕಿ ಉಳಿದವನು ಕೊನೆಗೆ ಸತ್ತದ್ದು 1913ರಲ್ಲಿ, ಬೇಟೆಗೆ ಹೋದಲ್ಲಿ. ಪೊದೆಯ ಹಿಂದೆ ಅಡಗಿ ತಮಾಷೆಗೆ ಕಾಡುಹಂದಿಯ ಹಾಗೆ ಕೂಗಿದ, ಗೆಳೆಯ ನಿಜವಾದ ಹಂದಿ ಅಂತ ಗುಂಡು ಹೊಡೆದ.

ಇರಲಿ. ವೇಗದ ಹುಚ್ಚು ಕೆಟ್ಟದ್ದು ಅಂತ ಪಾಠ ಹೇಳಲಿಕ್ಕೆ ನಾನು ಯಾರು? ನಾನು ಹುಟ್ಟಿದ್ದು ಮೂಡುಬಿದಿರೆ ಹತ್ತಿರ. ಕಂಬಳದ ಗದ್ದೆಯ ಬದುವಿನಲ್ಲಿ ನಿಂತು, ಕೆಸರು ಮುಖಕ್ಕೆ ರಾಚಿಸಿಕೊಂಡು ಬೆಳೆದವ. ಕೋಣದ ಜೋಡಿ ಗಂತಿನಿಂದ ಹೊರಟ ಕೂಡಲೇ ಎದೆಯೊಳಗೆ ಒಂದು ಕೈ ಹಾಕಿ ಹಿಂಡಿದ ಹಾಗೆ ಆಗ್ತದಲ್ಲ, ಅದು ಗೊತ್ತಿದ್ದವರಿಗೆ ಗೊತ್ತು. ಓಡಿಸುವವನು ಕೋಣವನ್ನು ಓಡಿಸುವುದಲ್ಲ, ಕೋಣವೇ ಅವನನ್ನು ಎಳೆದುಕೊಂಡು ಹೋಗುವುದು. ಅವನ ಜಾಣ್ಮೆ ಏನೆಂದರೆ ಬೀಳದೆ ಇರುವುದು. ಮೈ ತುಸು ಹಿಂದಕ್ಕೆ, ಹೆಜ್ಜೆ ಉದ್ದ, ಪಾದ ಕೆಸರಿನಲ್ಲಿ ಹೂತುಹೋಗುವ ಮೊದಲೇ ಮೇಲಕ್ಕೆ. ಒಂದು ಹೆಜ್ಜೆ ತಪ್ಪಿದರೆ ಕೆಸರಿನಲ್ಲಿ ಮುಖ ಅಡಿಯಾಗಿ ಎಳೆದುಕೊಂಡು ಹೋಗ್ತದೆ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಲೆಕ್ಕ ಹಾಕಿದರೆ ಗಂಟೆಗೆ 37 ಕಿಲೋಮೀಟರಿಗೂ ಮೇಲೆ. 100 ಮೀಟರಿಗೆ ಇಳಿಸಿದರೆ 9.55 ಸೆಕೆಂಡು, ಉಸೇನ್ ಬೋಲ್ಟನ ದಾಖಲೆ 9.58. ದೇಶವೆಲ್ಲ ಹುಚ್ಚೆದ್ದಿತು, ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸಿಗೆ ಕರೆದರು. ಕಟ್ಟಡ ಕೆಲಸ ಮಾಡುತ್ತಿದ್ದ ಆ ಮನುಷ್ಯ ಒಲ್ಲೆ ಅಂದರು. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ, ಇಲ್ಲಿ ಕೋಣದ ಪಾಲೂ ಉಂಟು ಅನ್ನುವ ಅರ್ಥದಲ್ಲಿ ಮಾತಾಡಿದರು. ನನಗೆ ಆ ಓಟಕ್ಕಿಂತ ಈ ಮಾತೇ ಹೆಚ್ಚು ಹಿಡಿಸಿತು. ತನ್ನ ವೇಗದಲ್ಲಿ ತನ್ನದೆಷ್ಟು, ತನ್ನದಲ್ಲದ್ದೆಷ್ಟು ಅಂತ ಗೊತ್ತಿದ್ದ ಓಟಗಾರ. ಕಾರಿನಲ್ಲಿ ಕೂತವರಿಗೆ ಈ ಲೆಕ್ಕ ತಪ್ಪಿಹೋಗ್ತದೆ. 120 ಎಚ್‌ಪಿ ಎಂಜಿನಿನದ್ದು, ಆದರೆ ಮೀಸೆ ತಿರುವುವವರು ನಾವು.

ಇನ್ನೊಂದು ಕಣ್ಣುಕಟ್ಟು. ಕೆಸರಿನಲ್ಲಿ ಬರಿಗಾಲಲ್ಲಿ 37 ಅಂದರೆ ಪ್ರಾಣ ಬಾಯಿಗೆ ಬರ್ತದೆ. ಕಿಟಕಿ ಏರಿಸಿದ ಕಾರಿನೊಳಗೆ 120 ಅಂದರೆ ನಿದ್ದೆ ಬರ್ತದೆ. ಎಂ7ರಲ್ಲಿ ಅರ್ಧ ಗಂಟೆ 120ರಲ್ಲಿ ಬಂದು ಹಳ್ಳಿರಸ್ತೆಗೆ ಇಳಿದು ನೋಡಿ, 80 ಅನ್ನುವುದು ಎತ್ತಿನಗಾಡಿ ಅನ್ನಿಸ್ತದೆ. ಕಣ್ಣು ಹಳೆಯ ವೇಗಕ್ಕೆ ಒಗ್ಗಿಹೋಗಿರ್ತದೆ. ಆದರೆ ಆ ಹಳ್ಳಿರಸ್ತೆಯ ಮಿತಿ ಈಗ 80 ಕೂಡ ಅಲ್ಲ. 2025ರ ಫೆಬ್ರವರಿ 7ರಿಂದ ಗ್ರಾಮೀಣ ಸ್ಥಳೀಯ ರಸ್ತೆಗಳ ಸಾಮಾನ್ಯ ಮಿತಿ 60. ಹಳೇ ನಕ್ಷೆಯ ಫೋನು 80 ಅಂತ ತೋರಿಸಿದರೂ ಬೋರ್ಡು ನೋಡಿಯೇ ಹೋಗಿ.

ರೇಸಿನವರ ಚಮತ್ಕಾರಗಳನ್ನು ನಮ್ಮ ಹುಡುಗ ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿದ್ದ. ಆಸ್ಪತ್ರೆಯಿಂದ ಬಂದ ಮೇಲೂ ಎಡಗೈ ಜೋಳಿಗೆಯಲ್ಲಿ ಇಟ್ಟುಕೊಂಡು ಬಲಗೈಯಲ್ಲಿ ಗಾಳಿಯಲ್ಲಿ ಚಿತ್ರ ಬಿಡಿಸಿ ವಿವರಿಸಿದ. ತಿರುವಿಗೆ ಮೊದಲು ರಸ್ತೆಯ ಹೊರ ಅಂಚಿನಲ್ಲಿರಬೇಕು. ಬ್ರೇಕೆಲ್ಲ ನೆಟ್ಟಗಿರುವಾಗಲೇ ಹೊಡೆದು ಮುಗಿಸಬೇಕು. ಆಮೇಲೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಬಿಡಬೇಕು. ಹಾಗೆ ಮಾಡಿದರೆ ತಿರುವು ನೇರವಾದಷ್ಟು ನೇರವಾಗ್ತದೆ, ವೇಗ ಉಳೀತದೆ. ಕಣ್ಣು ಯಾವಾಗಲೂ ದೂರ ಇರಬೇಕು, ಎಲ್ಲಿ ನೋಡ್ತೀವೋ ಅಲ್ಲಿಗೇ ಗಾಡಿ ಹೋಗೋದು. ಗೋಡೆ ನೋಡಿದರೆ ಗೋಡೆಗೇ.

ಎಲ್ಲಾ ಸತ್ಯ. ಕೊನೆಯದನ್ನು ಬೈಕು ಕಲಿಸುವವರೂ ಹೇಳ್ತಾರೆ. ಆದರೆ ನಾನು ಕೇಳಿದೆ, "ಮಾರಾಯ, ಆ ಹೊರ ಅಂಚು ಯಾರದ್ದು?" ಅವನು ಸುಮ್ಮನಾದ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡ್ತಾರೆ, ಅಗಲ ಪೂರ್ತಿ ನಮ್ಮದು. ರಸ್ತೆಯಲ್ಲಿ ಅರ್ಧ ಎದುರಿನವನದ್ದು. ಅಲ್ಲಿ ಟೈರು ಬಿಸಿ ಮಾಡಿಕೊಂಡು ಹೊರಡ್ತಾರೆ. ನಮ್ಮ ಬೆಳಗಿನ ಏಳು ಗಂಟೆಯ ಟೈರು, ಮಳೆ, ಟ್ರ್ಯಾಕ್ಟರಿನ ಕೆಸರು, ಅದು ಕಥೆಯೇ ಬೇರೆ. ಅಲ್ಲಿ ತಪ್ಪಿದವನಿಗೆ ಜಲ್ಲಿಯ ಬಯಲು, ಬಾವುಟ ಹಿಡಿದು ನಿಂತವರು, ಕಾಯುತ್ತಿರುವ ಆಂಬುಲೆನ್ಸ್. ಕಂಬಳದಲ್ಲೂ ಹಾಗೇ. ಕರೆಯ ಕೊನೆಯಲ್ಲಿ ಮಂಜೊಟ್ಟಿ ಅಂತ ಏರು ಜಾಗ ಉಂಟಲ್ಲ, ಎಷ್ಟೇ ವೇಗದಲ್ಲಿ ಬಂದ ಕೋಣವೂ ಅಲ್ಲಿ ಹತ್ತಿ ನಿಧಾನ ಆಗ್ತದೆ, ಹಿಡಿಯಲಿಕ್ಕೆ ಹತ್ತು ಜನ ನಿಂತಿರ್ತಾರೆ. ನಮ್ಮ ಹಿರಿಯರು ಓಟಕ್ಕೆ ಗದ್ದೆ ಮಾಡುವಾಗಲೇ ನಿಲ್ಲಲಿಕ್ಕೂ ಜಾಗ ಮಾಡಿದ್ದರು. ಪ್ಯಾಟ್ರಿಕ್ಸ್‌ವೆಲ್ ಆಚೆಯ ಒಳರಸ್ತೆಯಲ್ಲಿ ಮಂಜೊಟ್ಟಿ ಎಲ್ಲಿ? ಹಸಿರು ಬೇಲಿ ಮೆತ್ತಗೆ ಕಾಣ್ತದೆ, ಅದರೊಳಗೆ ನೂರು ವರ್ಷದ ಕಲ್ಲಿನ ಗೋಡೆ.

ಅಷ್ಟೆಲ್ಲ ಏರ್ಪಾಡು ಇದ್ದೂ ರೇಸಿನಲ್ಲಿ ಸಾಯ್ತಾರೆ. ಈ ದ್ವೀಪದ ಡನ್‌ಲಪ್ ಮನೆತನವನ್ನೇ ನೋಡಿ. ಜೋಯಿ ಡನ್‌ಲಪ್ ಐಲ್ ಆಫ್ ಮ್ಯಾನ್ ಟಿಟಿಯಲ್ಲಿ 26 ಸಲ ಗೆದ್ದವನು. 2000ದಲ್ಲಿ ಎಸ್ಟೋನಿಯಾದ ರೇಸಿನಲ್ಲಿ ಹೋದ. ತಮ್ಮ ರಾಬರ್ಟ್ 2008ರ ಮೇ 15ರಂದು ನಾರ್ತ್ ವೆಸ್ಟ್ 200ರ ಅಭ್ಯಾಸದಲ್ಲಿ. ಎರಡೇ ದಿನಕ್ಕೆ ರಾಬರ್ಟನ ಮಗ ಮೈಕಲ್ ಅದೇ ರಸ್ತೆಯಲ್ಲಿ ಬೈಕು ಹತ್ತಿ ರೇಸ್ ಗೆದ್ದ. ಇನ್ನೊಬ್ಬ ಮಗ ವಿಲಿಯಂ 2018ರಲ್ಲಿ ಡಬ್ಲಿನ್ ಬಳಿಯ ಸ್ಕೆರ್ರೀಸ್‌ನಲ್ಲಿ. ಜೋಯಿಯ 26ರ ದಾಖಲೆಯನ್ನು ಮೈಕಲ್ 2024ರಲ್ಲಿ ಮುರಿದ. ಇವರನ್ನು ಹುಚ್ಚರು ಅನ್ನಬೇಕೋ ವೀರರು ಅನ್ನಬೇಕೋ, ನಾನು ಹೇಳಲಾರೆ. ಜೋಯಿ ತನ್ನ ವ್ಯಾನಿನಲ್ಲಿ ರೊಮೇನಿಯಾದ ಅನಾಥ ಮಕ್ಕಳಿಗೆ ಆಹಾರ, ಬಟ್ಟೆ ಹೊತ್ತು ಹೋಗುತ್ತಿದ್ದ ಅನ್ನುವುದೊಂದೇ ನನಗೆ ಅವನ ಬಗ್ಗೆ ಮೊದಲು ನೆನಪಾಗುವುದು. 2023ರ ಆರಂಭದಲ್ಲಿ ಇಲ್ಲಿನ ಬೈಕ್ ರೇಸ್‌ಗಳ ವಿಮೆ ಕಂತು ಎಷ್ಟು ಏರಿತೆಂದರೆ, ಆ ವರ್ಷದ ರೇಸೇ ಇಲ್ಲ ಅಂತ ಸಂಘಟಕರು ಘೋಷಿಸಬೇಕಾಯಿತು. ವಿಮೆ ಕಂಪನಿಗೆ ಭಾವನೆ ಇಲ್ಲ ನೋಡಿ, ಅದಕ್ಕೆ ಲೆಕ್ಕ ಸರಿಯಾಗಿ ಬರ್ತದೆ.

ನಮ್ಮವರದ್ದೂ ಉಂಟು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯ. 2021ರ ಜನವರಿಯಲ್ಲಿ ಸೌದಿ ಮರುಭೂಮಿಯಲ್ಲಿ ಬಿದ್ದು, ರಿಯಾದ್ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿಸಿ ಮಲಗಿಸಿಟ್ಟಿದ್ದರು. ಬದುಕಿ ಬಂದರು. 2023ರ ಆಗಸ್ಟಿನಲ್ಲಿ ಚೆನ್ನೈ ಟ್ರ್ಯಾಕಿನಲ್ಲಿ ಬಿದ್ದ ಬೆಂಗಳೂರಿನ ಹುಡುಗ ಬದುಕಿ ಬರಲಿಲ್ಲ. ಅವನಿಗೆ ಹದಿಮೂರು ವರ್ಷ. ಈ ವಾಕ್ಯ ಬರೆದು ಸ್ವಲ್ಪ ಹೊತ್ತು ಎದ್ದು ಹೋಗಿ ಚಾ ಮಾಡಿಕೊಂಡು ಬಂದೆ.

ಈಗ ನನ್ನದೇ ಒಂದು ವಿಷಯ ಹೇಳಿಬಿಡ್ತೇನೆ. 1999ರಲ್ಲಿ ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 100 ಇತ್ತು. ಆ ಗಾಡಿಯ ಸದ್ದು ಕೇಳಿದವರಿಗೆ ಬೇರೆ ವಿವರಣೆ ಬೇಡ. ಕರಾವಳಿಯ ಎಕ್ಸ್‌ಪ್ರೆಸ್ ಬಸ್ಸುಗಳ ಪೈಪೋಟಿಯೂ ನಿಮಗೆ ಗೊತ್ತು. ಎರಡು ಬಸ್ಸಿಗೆ ಎರಡೇ ನಿಮಿಷದ ಅಂತರ, ಮುಂದಿನ ಸ್ಟಾಪಿನ ಜನ ಯಾರಿಗೆ ಅಂತ ಓಟ. ಪಡುಬಿದ್ರಿಯಿಂದ ಕಾರ್ಕಳಕ್ಕೆ ಬರುವಾಗ ಅಂಥ ಒಂದು ಬಸ್ಸನ್ನು ಹಿಂದೆ ಹಾಕಬೇಕು ಅಂತ ನನಗೆ ಹಠ ಬಂತು. ಹಿಂದೆ ನನ್ನ ದೋಸ್ತಿ ಕೂತಿದ್ದ. ಹಿಂದೆ ಹಾಕಿದೆ ಕೂಡ. ಮುಂದಿನ ತಿರುವಿನಲ್ಲಿ ಮರಳು ಬಿದ್ದಿತ್ತು. ನನಗೆ ಮೊಣಕೈ ತರಚಿತು. ಅವನ ಕಾಲು ಎರಡು ಕಡೆ ಮುರಿಯಿತು, ಇವತ್ತಿಗೂ ಮೆಟ್ಟಿಲು ಇಳಿಯುವಾಗ ಬದಿಗೆ ತಿರುಗಿ ಇಳೀತಾನೆ. ಪೊಲೀಸರಿಗೆ ನಾಯಿ ಅಡ್ಡ ಬಂತು ಅಂತ ಹೇಳಿದೆವು. ಊರಿಗೆ ಹೋದಾಗಲೆಲ್ಲ ಅವನ ಮನೆಗೆ ಹೋಗ್ತೇನೆ, ಅವನ ಅಮ್ಮ ಈಗಲೂ "ಆ ನಾಯಿ ಹಾಳಾಗಿ ಹೋಗ" ಅಂತ ಬೈತಾರೆ. ತಲೆ ತಗ್ಗಿಸಿ ಕೂತಿರ್ತೇನೆ.

ಆ ಬಸ್ಸಿನ ಡ್ರೈವರನ್ನು ಆಗ ರಾಕ್ಷಸ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವನಿಗೆ ಮಜಾ ಇರಲಿಲ್ಲ, ಟೈಮಿಂಗ್ ಇತ್ತು. ಹುಡುಗನ ಅಪಘಾತದ ನಂತರ ಅವನ ಕೆಲಸದ ರೋಸ್ಟರ್ ತೆಗೆದು ನೋಡಿದೆ. ಏಳರಿಂದ ಏಳೂಮುಕ್ಕಾಲು ಒಬ್ಬ ಅಜ್ಜಿ. ಏಳೂಮುಕ್ಕಾಲಿಗೆ ಸರಿಯಾಗಿ ಇನ್ನೊಬ್ಬ ಅಜ್ಜ. ನಡುವೆ ಹನ್ನೆರಡು ಕಿಲೋಮೀಟರ್ ದಾರಿ. ಕಾಗದದ ಮೇಲೆ ಆ ದಾರಿಗೆ ಸೊನ್ನೆ ನಿಮಿಷ! ಆವತ್ತು ಅಜ್ಜಿ ಬಾತ್‌ರೂಮಿನಲ್ಲಿ ತಡ ಮಾಡಿದರು, ಇವನು ಹೊರಟಾಗಲೇ ಎಂಟಕ್ಕೆ ಐದು ನಿಮಿಷ. ಆಫೀಸಿನಿಂದ ಎರಡು ಮಿಸ್ಡ್ ಕಾಲ್. ತಿರುವಿನಲ್ಲಿ ಎದುರು ಹಾಲಿನ ಟ್ಯಾಂಕರ್. ಯೂಟ್ಯೂಬಿನ ಹೊರ ಅಂಚು, ಒಳ ಅಂಚು ಯಾವುದೂ ನೆನಪಾಗಲಿಲ್ಲವಂತೆ. "ಗೋಡೆನೇ ನೋಡ್ದೆ ಅಣ್ಣಾ" ಅಂದ.

ಒಂದು ಲೆಕ್ಕ ಹೇಳ್ತೇನೆ. ಆ ಹನ್ನೆರಡು ಕಿಲೋಮೀಟರನ್ನು 80ರಲ್ಲಿ ಹೋದರೆ 9 ನಿಮಿಷ. 100ರಲ್ಲಿ ಹೋದರೆ 7 ನಿಮಿಷ 12 ಸೆಕೆಂಡು. ಉಳಿಯುವುದು ಎರಡು ನಿಮಿಷಕ್ಕೂ ಕಡಿಮೆ, ಅದೂ ಒಂದು ತಿರುವೂ ಇಲ್ಲದಿದ್ದರೆ. 100ರ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು 28 ಮೀಟರ್ ಹೋಗಿರ್ತದೆ, ಕಾಲು ಬ್ರೇಕಿಗೆ ಹೋಗುವ ಮೊದಲೇ. ವೇಗ ಎರಡರಷ್ಟಾದರೆ ನಿಲ್ಲಲಿಕ್ಕೆ ಬ್ರೇಕಿಗೆ ನಾಲ್ಕರಷ್ಟು ದೂರ ಬೇಕು. ನಡೆದುಹೋಗುವವರಿಗೆ ಗುದ್ದಿದರೆ ಏನಾಗ್ತದೆ ಅಂತ ಇಲ್ಲಿನ ರಸ್ತೆ ಸುರಕ್ಷಾ ಪ್ರಾಧಿಕಾರ ಹೇಳುವ ಲೆಕ್ಕ ಇನ್ನೂ ಭಯಂಕರ: 30ರಲ್ಲಿ ಹತ್ತರಲ್ಲಿ ಒಬ್ಬರು ಸಾಯ್ತಾರೆ, 50ರಲ್ಲಿ ಐವರು, 60ರಲ್ಲಿ ಒಂಬತ್ತು ಜನ.

ಮುಂದೇನು ಅನ್ನುವುದೇ ಈಗ ಮನೆಯಲ್ಲಿ ದಿನದ ಮಾತು. ಅವನದ್ದು ಎನ್ ಬೋರ್ಡಿನ ಲೈಸೆನ್ಸ್. ನಮಗೆಲ್ಲ 12 ಪೆನಾಲ್ಟಿ ಪಾಯಿಂಟಿಗೆ ಆರು ತಿಂಗಳು ಲೈಸೆನ್ಸ್ ಹೋದರೆ, ಎನ್ ಬೋರ್ಡಿನವರಿಗೆ, ಲರ್ನರ್‌ಗಳಿಗೆ 7ಕ್ಕೇ ಹೋಗ್ತದೆ. ಮಾರ್ಚಿನಲ್ಲಿ ಕ್ಯಾಮೆರಾಕ್ಕೆ ಸಿಕ್ಕಿ 160 ಯೂರೊ ಕಟ್ಟಿ 3 ಪಾಯಿಂಟ್ ಆಗಲೇ ಹಾಕಿಸಿಕೊಂಡಿದ್ದಾನೆ. ನಮಗೆ ಹೇಳಿರಲಿಲ್ಲ. ಗಾರ್ಡಾ ಬಂದು ಬರೆದುಕೊಂಡು ಹೋಗಿದ್ದಾರೆ. ಕೇರ್‌ಲೆಸ್ ಡ್ರೈವಿಂಗ್ ಅಂತ ಕೋರ್ಟಿನಲ್ಲಿ ತೀರ್ಮಾನ ಆದರೆ ಇನ್ನೂ 5. ಕೂಡಿಸಿ ನೋಡಿ. ಕಾರು ಇಲ್ಲದೆ ಹೋಮ್ ಕೇರ್ ಕೆಲಸ ಇಲ್ಲ, ಪರ್ಮಿಟ್ ಆ ಕೆಲಸಕ್ಕೇ ಅಂಟಿಕೊಂಡದ್ದು. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗಲೂ ನಡತೆಯ ಪ್ರಶ್ನೆಯಲ್ಲಿ ರಸ್ತೆ ಅಪರಾಧವನ್ನು ಹೇಳಿಕೊಳ್ಳಲೇಬೇಕು. ಊರಲ್ಲಿ ಅವನ ತಂಗಿಯ ನರ್ಸಿಂಗ್ ಫೀಸು ಈ ಸಂಬಳದಿಂದಲೇ ಹೋಗುವುದು. ಡಾಕ್ ರೋಡಿನ ಆ ವಿಡಿಯೊ ಡಿಲೀಟ್ ಮಾಡಿದ್ದಾನೆ, ಆದರೆ ಅದನ್ನು ಗ್ರೂಪಿಗೆ ಹಾಕಿದ್ದು ಎಷ್ಟು ಫೋನಿನಲ್ಲಿ ಉಂಟೋ ಯಾರಿಗೆ ಗೊತ್ತು. ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಅಳಿಸಿ.

ಹೋಮ್ ಕೇರಿನಲ್ಲಿ ಇರುವವರು ಇದೊಂದು ಮಾಡಿ. ಪ್ರತಿ ಭೇಟಿಗೆ ಎಷ್ಟಕ್ಕೆ ತಲುಪಿದಿರಿ, ಎಷ್ಟಕ್ಕೆ ಹೊರಟಿರಿ, ಎಷ್ಟು ಕಿಲೋಮೀಟರ್ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ವಾರ ಸಾಕು. ಬಾಯಲ್ಲಿ ಹೇಳಿದರೆ ಮ್ಯಾನೇಜರು ತಲೆ ಅಲ್ಲಾಡಿಸ್ತಾರೆ, ಬರೆದು ಈಮೇಲ್ ಮಾಡಿದರೆ ಉತ್ತರ ಕೊಡಬೇಕಾಗ್ತದೆ. 2015ರಲ್ಲಿ ಯುರೋಪಿಯನ್ ನ್ಯಾಯಾಲಯ ಒಂದು ತೀರ್ಪು ಕೊಟ್ಟಿದೆ: ನಿಗದಿಯಾದ ಕೆಲಸದ ಜಾಗ ಇಲ್ಲದವರಿಗೆ ಮನೆಯಿಂದ ಮೊದಲ ಗಿರಾಕಿಯ ಮನೆಗೆ, ಕೊನೆಯ ಗಿರಾಕಿಯಿಂದ ತಮ್ಮ ಮನೆಗೆ ಹೋಗುವ ಹೊತ್ತೂ ಕೆಲಸದ ಹೊತ್ತೇ. ನಡುವಿನ ದಾರಿಯಂತೂ ಹೇಳಲೇಬೇಕಿಲ್ಲ. ಅದಕ್ಕೆ ಸಂಬಳ ಎಷ್ಟು ಅನ್ನುವುದು ಬೇರೆ ವಿಚಾರ, ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್‌ಗೆ ಫೋನ್ ಮಾಡಿದರೆ ಮಾಹಿತಿ ಪುಕ್ಕಟೆ ಕೊಡ್ತಾರೆ. ನಮ್ಮ ಹುಡುಗನ ಜೊತೆ ಕೆಲಸ ಮಾಡುವ ಆರು ಜನ, ಇಬ್ಬರು ಮಲಯಾಳಿ, ಒಬ್ಬಳು ಫಿಲಿಪೈನ್ಸಿನವಳು, ಎಲ್ಲ ಸೇರಿ ಹೀಗೇ ಬರೆದು ಕಳಿಸಿದ್ದಾರೆ. ಪತ್ರ ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿಲ್ಲ.

ಡೆಲಿವರಿ ಮಾಡುವ ತಮ್ಮಂದಿರೇ, ನಿಮಗೂ ಒಂದು ಮಾತು. ಇ-ಸ್ಕೂಟರಿಗೆ 2024ರ ಮೇ ತಿಂಗಳಿಂದ ಕಾನೂನು ಬಂದಿದೆ, ಮಿತಿ ಗಂಟೆಗೆ 20. ಅದರ ಲಾಕ್ ಬಿಡಿಸಿ 50ರಲ್ಲಿ ಹೋಗುವ ಸ್ಕೂಟರನ್ನು ಗಾರ್ಡಾ ಹಿಡಿದರೆ ಪಿಜ್ಜಾ ತಣ್ಣಗಾಗುವುದು ಸಣ್ಣ ಸಂಗತಿ.

ಓಡಿಸಲೇಬೇಕು, ಕೈ ತುರಿಸ್ತದೆ ಅನ್ನುವವರಿಗೆ ಕಿಲ್ಡೇರಿನಲ್ಲಿ ಮಾಂಡೆಲೊ ಪಾರ್ಕ್ ಉಂಟು, 1968ರಿಂದ ನಡೆಯುತ್ತಿರುವ ಟ್ರ್ಯಾಕ್. ಇಲ್ಲಿಂದ ಸುಮಾರು ಎರಡು ಗಂಟೆ ದಾರಿ. ದುಡ್ಡು ಕೊಟ್ಟರೆ ಹೆಲ್ಮೆಟ್ ಹಾಕಿಸಿ, ಪಕ್ಕದಲ್ಲಿ ಕಲಿಸುವವರನ್ನು ಕೂರಿಸಿ ಟ್ರ್ಯಾಕಿನಲ್ಲಿ ಬಿಡ್ತಾರೆ. ಹುಡುಗನ ಮೂಳೆ ಕೂಡಿದ ಮೇಲೆ ಮನೆಯವರೆಲ್ಲ ಚಂದಾ ಹಾಕಿ ಒಂದು ದಿನ ಕರಕೊಂಡು ಹೋಗುವಾ ಅಂತ ಮಾತಾಗಿದೆ. ಹೆಂಡತಿ ಕೇಳಿದಳು, "ಅವನನ್ನೋ, ನಿಮ್ಮನ್ನೋ?"

ನಿನ್ನೆ ಡೂರಡಾಯ್ಲ್ ಆಸ್ಪತ್ರೆಗೆ ಎಕ್ಸ್‌ರೇಗೆ ಅವನನ್ನು ನನ್ನ ಕಾರಿನಲ್ಲೇ ಕರಕೊಂಡು ಹೋದೆ. ಮಳೆ ಸಣ್ಣಗೆ ಹನೀತಿತ್ತು. ಪಕ್ಕದಲ್ಲಿ ಕೂತವನು ರಸ್ತೆ ನೋಡ್ತಿರಲಿಲ್ಲ, ನನ್ನ ಮೀಟರನ್ನೇ ನೋಡ್ತಿದ್ದ. ಒಂದು ಕಡೆ ಸಿಗ್ನಲ್ ಹಳದಿ ಆಗುವ ಮೊದಲು ದಾಟುವಾ ಅಂತ ನಾನು ಕಾಲು ಒತ್ತಿದೆ.

"ಅಣ್ಣಾ," ಅಂದ, "ಐವತ್ತೆಂಟು."

ಕಾಲು ತೆಗೆದೆ. ಸಿಗ್ನಲ್ ಕೆಂಪಾಯಿತು. ಇಬ್ಬರೂ ವೈಪರ್ ನೋಡ್ತಾ ಕೂತೆವು.